ಹಕಾರ ನುಂಗಿದ ಹೆಡ್‌ಸೆಟ್ಟು

ಕೋಪ ಬಂದಾಗ ಬೈಯುವುದಕ್ಕೆ ಎದುರಿಗೆ ಒಂದು ಮುಖ ಇರಬೇಕು. ಹಾಲಿನವನು ನೀರು ಬೆರೆಸಿದರೆ ಬೈಯಬಹುದು. ಅವನೂ ತಿರುಗಿ ಎರಡು ಮಾತು ಅಂದು ಹೋಗುತ್ತಾನೆ, ಇಬ್ಬರ ಮನಸ್ಸೂ ಹಗುರವಾಗುತ್ತದೆ. ಬಸ್ಸಿನ ಕಂಡಕ್ಟರನ್ನು ಬೈಯಬಹುದು. ಹೆಂಡತಿಯನ್ನು ಬೈಯುವ ಧೈರ್ಯವಿಲ್ಲದ ನನ್ನಂಥವರು ಬೆಕ್ಕನ್ನು ಬೈಯಬಹುದು. ಬೆಕ್ಕು ಕೂಡ ಬೈಸಿಕೊಂಡ ಮೇಲೆ ಒಂದು ಗಳಿಗೆ ಮುಖ ಸಪ್ಪಗೆ ಮಾಡಿಕೊಂಡು ಕೂರುವಷ್ಟು ಮರ್ಯಾದೆ ಕೊಡುತ್ತದೆ. ಆದರೆ ಈ ಕಂಪ್ಯೂಟರನ್ನು ಬೈಯುವುದು ಹೇಗೆ? 'ಏನೋ ತಪ್ಪಾಗಿದೆ' ಎಂದು ಪರದೆಯ ಮೇಲೆ ಬರೆದು ತೋರಿಸಿ ಸುಮ್ಮನಾಗಿಬಿಡುತ್ತದೆ. ಏನು ತಪ್ಪಾಗಿದೆಯಪ್ಪಾ, ಬಾಯಿ ಬಿಡು! ಬಿಡುವುದಿಲ್ಲ. ಕೆಳಗಡೆ 'ಸರಿ' ಎಂಬ ಗುಂಡಿಯೊಂದನ್ನು ಮಾತ್ರ ಕೊಡುತ್ತದೆ. ತಪ್ಪು ಅದರದು, ಸರಿ ಅನ್ನಬೇಕಾದವನು ನಾನು. ಇಷ್ಟು ವರ್ಷ ಮೇಷ್ಟರಾಗಿದ್ದು ಒಂದು ತಪ್ಪು ಉತ್ತರಕ್ಕೂ ಸರಿ ಹಾಕದಿದ್ದವನು, ಕಳೆದ ವಾರವೆಲ್ಲ ಕೂತು ಅದೇ ಕೆಲಸ ಮಾಡಿದೆ.

ನಾನು ಹನೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತಿದ್ದವನು. ನಿವೃತ್ತಿಯಾದ ಮೇಲೆ ಕೊಳ್ಳೇಗಾಲದಲ್ಲಿ ಮನೆ. ನಮ್ಮ ಸೀಮೆಯಲ್ಲಿ ಕನ್ನಡ ಕಲಿಸುವ ಪಾಡೇನೆಂದು ಹೊರಗಿನವರಿಗೆ ಗೊತ್ತಿಲ್ಲ. ವರ್ಣಮಾಲೆಯಲ್ಲಿ ಹಕಾರ ಇದೆ, ನಮ್ಮ ಜನರ ಬಾಯಲ್ಲಿ ಇಲ್ಲ. ಹೋಗು ಎಂಬುದು ಓಗು, ಹಾಲು ಎಂಬುದು ಆಲು. ಯಾವೂರಯ್ಯಾ ಎಂದು ಕೇಳಿದರೆ 'ಅನೂರು ಸಾ' ಅನ್ನುತ್ತಾರೆ. ಸ್ವಂತ ಊರಿನ ಹೆಸರಿಗೂ ದಯೆ ತೋರಿಸುವುದಿಲ್ಲ. ಹಾಜರಿ ಕರೆದರೆ ಇಡೀ ತರಗತಿ 'ಆಜರ್ ಸಾ'. 'ಹಕ್ಕಿ ಹಾರಿತು' ಎಂದು ಉಕ್ತಲೇಖನ ಹೇಳಿದರೆ 'ಅಕ್ಕಿ ಆರಿತು' ಎಂದು ಬರೆದು, ಮುಂದಿನ ವಾಕ್ಯದಲ್ಲಿ ಅನ್ನ ಮಾಡಬಹುದೇನೋ ಎಂದು ಕಾಯುತ್ತಿದ್ದರು. ಗದರಿ ಗದರಿ ಹಕಾರ ಹಿಡಿಸಿದೆ ಅನ್ನುವಷ್ಟರಲ್ಲಿ ಇನ್ನೊಂದು ಅನಾಹುತ. ಬೇಡದ ಕಡೆಯೆಲ್ಲ ಹಕಾರ ಶುರುವಾಯಿತು. ಲೊಕ್ಕನಹಳ್ಳಿಯ ಹುಡುಗಿಯೊಬ್ಬಳು 'ನಮ್ಮ ಮನೆಯಲ್ಲಿ ಎರಡು ಹೆಮ್ಮೆಗಳಿವೆ' ಎಂದು ಪ್ರಬಂಧ ಬರೆದಿದ್ದಳು. ಪಾಪ, ಅಣ್ಣತಮ್ಮಂದಿರ ವಿಷಯವಿರಬೇಕು ಎಂದುಕೊಂಡು ಓದುತ್ತಾ ಹೋದೆ. ಮುಂದಿನ ಸಾಲಿನಲ್ಲಿ ಅವು ಹಾಲು ಕೊಟ್ಟವು.

ನನ್ನ ಹೆಂಡತಿ ಮಹದೇವಮ್ಮನ ತವರು ಬಂಡಳ್ಳಿ. ಮದುವೆಯಾದ ಹೊಸತರಲ್ಲಿ ಅವಳನ್ನೂ ತಿದ್ದಲು ಹೋಗಿದ್ದೆ. "ಇವತ್ತು ಉಳಿ ಸಾರು ಮಾಡಿವ್ನಿ" ಅಂದಳು. "ಉಳಿ ಬಡಗಿ ಹತ್ತಿರ ಇರುತ್ತೆ, ಇದು ಹುಳಿ" ಅಂದೆ. "ಉಣ್ಣಾದಿದ್ರೆ ಉಣ್ಣಿ, ಇಲ್ದಿದ್ರೆ ಬುಡಿ" ಅಂದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ವ್ಯಾಕರಣದ ಚರ್ಚೆ ನಡೆದಿಲ್ಲ, ಊಟ ಮಾತ್ರ ಹೊತ್ತುಹೊತ್ತಿಗೆ ನಡೆದಿದೆ.

ಇಂಥ ನನಗೆ ಒಂದು ಅವಕಾಶ ಬಂತು. ಮೈಸೂರಿನ ಸಂಸ್ಥೆಯೊಂದು ರೈತರಿಗಾಗಿ ಫೋನಿನ ವ್ಯವಸ್ಥೆ ಮಾಡುತ್ತಿದೆ. ಒಂದು ನಂಬರಿಗೆ ಫೋನು ಮಾಡಿದರೆ ಸಾಕು, ಈ ವಾರ ಮಳೆಯುಂಟೋ ಇಲ್ಲವೋ, ಜೋಳಕ್ಕೆ ಹುಳು ಬಿದ್ದರೆ ಏನು ಮಾಡಬೇಕು, ಎಲ್ಲವನ್ನೂ ಒಂದು ದನಿ ಹೇಳುತ್ತದೆ. ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕಿಗೆ ಸೇರಿ ಒಂದು ದನಿ ಬೇಕು ಎಂದು ಕರೆದಿದ್ದರು. ಶನಿವಾರ ಬೆಳಿಗ್ಗೆ ಮನೆಯಿಂದಲೇ ಕಂಪ್ಯೂಟರಿನಲ್ಲಿ ಪರೀಕ್ಷೆ, ಹೆಡ್‌ಸೆಟ್ ಕಡ್ಡಾಯ, ಮತ್ತೊಂದು ಅವಕಾಶ ಇಲ್ಲ. ನಿಜ ಹೇಳುತ್ತೇನೆ, ನನಗೆ ಅದು ಬೇಕೇ ಬೇಕಿತ್ತು. ಶಾಲೆ ಬಿಟ್ಟ ಮೇಲೆ ನನ್ನ ದನಿ ಕೇಳುವವರೇ ಇಲ್ಲ. ಕೊನೆಯ ಬೆಂಚಿನಲ್ಲಿ ನಿದ್ದೆ ಹೊಡೆಯುವವನನ್ನೂ ಬೆಚ್ಚಿಬೀಳಿಸುತ್ತಿದ್ದ ದನಿ ಈಗ 'ಕಾಫಿ ಆಯಿತಾ' ಎಂದು ಕೇಳುವುದಕ್ಕಷ್ಟೇ ಉಳಿದಿದೆ. ಅದಕ್ಕೂ ಒಮ್ಮೊಮ್ಮೆ ಉತ್ತರ ಬರುವುದಿಲ್ಲ. ಈ ದನಿ ಇನ್ನೂ ಯಾರಿಗಾದರೂ ಬೇಕು ಅಂತ ನನಗೆ ಗೊತ್ತಾಗಬೇಕಿತ್ತು. ಸಾಲದ್ದಕ್ಕೆ ಕ್ಷೌರದಂಗಡಿಯಿಂದ ಹಿಡಿದು ತರಕಾರಿ ಮಾರ್ಕೆಟ್ಟಿನವರೆಗೆ 'ಇನ್ನು ಮೇಲೆ ಫೋನಿನಲ್ಲಿ ನನ್ನ ದನಿಯೇ' ಎಂದು ಮೊದಲೇ ಹೇಳಿಕೊಂಡು ಬಂದಿದ್ದೆ.

ಕಂಪ್ಯೂಟರು ಮನೆಯಲ್ಲೇ ಇತ್ತು, ಮಗಳು ಬಿ.ಎಡ್. ಓದುವಾಗ ತೆಗೆಸಿಕೊಟ್ಟದ್ದು. ಅವಳು ಮದುವೆಯಾಗಿ ಮಾಂಬಳ್ಳಿಗೆ ಹೋದ ಮೇಲೆ ಮಹದೇವಮ್ಮ ಅದಕ್ಕೊಂದು ಕಸೂತಿ ಬಟ್ಟೆ ಹೊದಿಸಿ, ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟಿದ್ದಳು. ಕುಂಡ ಇಳಿಸಿದೆ. ಬಸ್‌ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿರುವ ನಾಗೇಂದ್ರನಲ್ಲಿ ಹೆಡ್‌ಸೆಟ್ ತಂದೆ. ಅದಕ್ಕೆ ಎರಡು ಪಿನ್ನು, ಒಂದು ಹಸಿರು, ಒಂದು ಗುಲಾಬಿ. ಕಂಪ್ಯೂಟರಿನ ಡಬ್ಬದ ಹಿಂದಿನ ತೂತುಗಳಿಗೂ ಒಂದು ಕಾಲದಲ್ಲಿ ಬಣ್ಣವಿತ್ತಂತೆ; ಈಗ ಎಲ್ಲವೂ ದೂಳಿನ ಬಣ್ಣ. ಮೇಜಿನ ಕೆಳಗೆ ಮಂಡಿಯೂರಿ, ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು, ಇದನ್ನು ಅಲ್ಲಿಗೆ ಅದನ್ನು ಇಲ್ಲಿಗೆ ಚುಚ್ಚಿ ನೋಡಿದೆ. ಕಿವಿಗಿಟ್ಟರೆ ಗಪ್‌ಚಿಪ್. ಒಂದು ಸಣ್ಣ 'ಕೊಯ್' ಕೂಡ ಇಲ್ಲ.

ನಾನು ಮೇಜಿನ ಕೆಳಗೆ ಇರುವಾಗಲೇ ಮಹದೇವಮ್ಮ ಹೆಡ್‌ಸೆಟ್ಟಿನ ಡಬ್ಬಿಯ ಮೇಲಿದ್ದ ಸಹಾಯವಾಣಿಗೆ ಫೋನು ಹಚ್ಚಿಬಿಟ್ಟಳು. ಆ ಕಡೆಯ ಹುಡುಗಿ ಧಾರವಾಡದ ಕಡೆಯವಳು, ಮಾತಿನಲ್ಲೇ ಗೊತ್ತಾಗುತ್ತಿತ್ತು. ಮಹದೇವಮ್ಮ ಸ್ಪೀಕರ್ ಹಾಕಿ, "ಎಡ್‌ಸೆಟ್ ಕೇಳ್ತಾ ಇಲ್ಲ ಕಣವ್ವಾ" ಅಂದಳು.

"ಎಡಕ್ಕ ಕೇಳಸವಲ್ದೇನ್ರಿ ಅಮ್ಮಾ? ಬಲಕ್ಕ ಕೇಳಸ್ತದ್ರಿ?"

"ಬಲ ಗಿಲ ಎಲ್ಲಾ ನಂಗ್ ಗೊತ್ತಿಲ್ಲ. ಎಡ್‌ಸೆಟ್ಟೇ ಕೇಳ್ತಿಲ್ಲ ಅಂತಿವ್ನಲ್ಲಾ!"

"ಹಂಗಾದ್ರ ಎಡಕ್ಕಷ್ಟ ಪ್ರಾಬ್ಲಂ ಐತ್ರಿ" ಎಂದು ಹುಡುಗಿ ತೀರ್ಪು ಕೊಟ್ಟಳು. ಆಮೇಲೆ ಪರದೆಯ ಮೇಲೆ ಎಲ್ಲೆಲ್ಲೋ ಒತ್ತಿಸಿ, ಕೊನೆಗೆ ಎಡಬಲದ ಸದ್ದು ಹೊಂದಿಸುವ ಒಂದು ಗೀಟು ಹುಡುಕಿಸಿ, ಅದರ ಮೇಲಿನ ಬೊಟ್ಟನ್ನು ಪೂರ್ತಿ ಎಡಕ್ಕೆ ಎಳೆಯಬೇಕು ಅಂದಳು. ಮಹದೇವಮ್ಮ ನನಗೆ ಹುಕುಂ ಮಾಡಿದಳು. ಮೇಜಿನ ಕೆಳಗಿನಿಂದ ತಲೆ ಚಚ್ಚಿಕೊಂಡು ಎದ್ದು ಬಂದವನು ಯಾಕೆ, ಏನು ಎಂದು ಕೇಳದೆ ಎಳೆದೆ. ಆಗ ಕೈಗೆ ತಗುಲಿತು ನೋಡಿ, ಹೆಡ್‌ಸೆಟ್ಟಿನ ವೈರಿನಲ್ಲೇ ಒಂದು ಪುಟ್ಟ ಚಕ್ರ. ಅದನ್ನು ಸೊನ್ನೆಗೆ ತಿರುಗಿಸಿಟ್ಟಿದ್ದರು! ತಿರುಗಿಸಿದೆ, ಸದ್ದು ಬಂತು, ಎಡಗಿವಿಯಲ್ಲಿ ಮಾತ್ರ. ಬಲಗಿವಿ ನೆಗೆದುಬಿದ್ದಿತ್ತು. ಫೋನು ಕಿತ್ತುಕೊಂಡು "ಹೆಡ್! ಹೆಡ್! ಎಡ ಅಲ್ಲಮ್ಮಾ, ಹಸುವಿನ ಹ!" ಎಂದು ಕೂಗಿದೆ.

"ಹಸುವಿಗೆ ಏನಾತ್ರಿ ಸರ್?" ಎಂದು ಹುಡುಗಿ ಗಾಬರಿಯಾದಳು.

ಅದನ್ನೆಲ್ಲ ಬಿಡಿಸಿ ಹೇಳಿ, ಬೊಟ್ಟನ್ನು ಮತ್ತೆ ನಡುವಿಗೆ ತಂದು, ಎರಡೂ ಕಿವಿ ಜೀವಂತವಾಗುವಷ್ಟರಲ್ಲಿ ಮಧ್ಯಾಹ್ನದ ಊಟ ಆರಿ ತಣ್ಣಗಾಗಿತ್ತು. ಆದರೂ ಉತ್ಸಾಹ ಬಿಡಲಿಲ್ಲ. ಪರೀಕ್ಷೆಗೆ ಕಳಿಸಿದ್ದ ಸಾಲುಗಳನ್ನು ಮೈಕಿನಲ್ಲಿ ಓದಿ ರೆಕಾರ್ಡು ಮಾಡಿದೆ. "ಹನೂರಿನ ರೈತ ಬಾಂಧವರೇ, ಹೊಲಕ್ಕೆ ಹುಳು ಬಂದರೆ ಹೆದರಬೇಡಿ." ಗಂಟಲು ಸರಿಮಾಡಿಕೊಂಡು, ಎದೆಯುಬ್ಬಿಸಿ, ಕೇಳಲು ಕುಳಿತೆ. ಹೆಡ್‌ಸೆಟ್ಟಿನಿಂದ ಬಂತು: "ಅನೂರಿನ ರೈತ ಬಾಂಧವರೇ, ಒಲಕ್ಕೆ ಉಳು ಬಂದರೆ ಎದರಬೇಡಿ."

ಇದು ಯಾರ ದನಿ? ನನ್ನದೇ! ಅಯ್ಯೋ ಮಾದಪ್ಪಾ, ಸರ್ವೀಸೆಲ್ಲ ಹಕಾರಕ್ಕೆ ಸವೆಸಿದವನ ಬಾಯಿಂದ ಒಲ, ಉಳು! ಮತ್ತೆ ಓದಿದೆ, ಇನ್ನೂ ಒತ್ತಿ. ಮತ್ತೆ ಅದೇ. ಹಕಾರ ಬಂದ ಕಡೆಯೆಲ್ಲ ಹೊಟ್ಟೆಯಿಂದ ಉಸಿರೆಳೆದು ಮೈಕಿನ ಮೇಲೆ ಎಂಜಲು ಸಿಡಿಯುವ ಹಾಗೆ 'ಹ್ಹೊಲ, ಹ್ಹುಳು' ಅಂದೆ. ಮಿಕ್ಕೆಲ್ಲ ಅಕ್ಷರಗಳನ್ನು ಭದ್ರವಾಗಿ ಹಿಡಿದಿಟ್ಟುಕೊಂಡು ಹಕಾರವೊಂದನ್ನೇ ಆರಿಸಿ ಆರಿಸಿ ನುಂಗುತ್ತಿತ್ತು ಆ ದರಿದ್ರ ಯಂತ್ರ. ಒಳಗಿನಿಂದ ಮಹದೇವಮ್ಮ ಓಡಿ ಬಂದಳು. "ಅಲ್ಲಾ ಕಣ್ರೀ, ಯಾಕಂಗೆ ಏದುಸಿರು ಬುಡ್ತಿದ್ದೀರಿ? ಬಿಪಿ ಮಾತ್ರೆ ತಕಂಡ್ರಾ?" ಅವಳ ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿ ರೆಕಾರ್ಡು ಕೇಳಿಸಿದೆ. "ಚೆಂದಾಗೇ ಅದಲ್ಲಾ!" ಅಂದಳು. ಏನೂ ತಪ್ಪು ಕಾಣಲಿಲ್ಲವಾ ಎಂದೆ. "ಏನ್ ತಪ್ಪು? ಒಲಕ್ಕೆ ಉಳು ಬಂದ್ರೆ ಎದರಬ್ಯಾಡಿ ಅಂತಿದ್ದೀರಿ. ಸರ್ಯಾಗೇ ಗೊತ್ತಾಯ್ತದೆ."

ನಾಗೇಂದ್ರನನ್ನು ಕರೆಸಿದೆ. ಬಂದವನೇ ಕಂಪ್ಯೂಟರನ್ನು ಆಫ್ ಮಾಡಿ ಆನ್ ಮಾಡಿದ. ಆ ವಿದ್ಯೆಗೆ ಅವನನ್ನು ಕರೆಸಬೇಕಿರಲಿಲ್ಲ. ಕಿವಿಗಿಟ್ಟು ಕೇಳಿ, "ಎಡ್‌ಸೆಟ್ ಪಸ್ಟ್ ಕ್ಲಾಸಾಗದೆ ಸಾ" ಅಂದ.

"ಹ ಬರುತ್ತಿಲ್ಲ ಕಣಯ್ಯಾ."

"ಅ ಬತ್ತಾ ಅದಲ್ಲಾ ಸಾ."

"ಅ ಅಲ್ಲ ಮಾರಾಯ, ಹ!"

"ಅದೇ ಸಾ, ಅ."

ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸಿತು. ಯಂತ್ರಕ್ಕೆ ಕಾಯಿಲೆ ಬಂದಿದೆ, ಕಾಯಿಲೆ ಏನೆಂದು ಈ ಊರಿನಲ್ಲಿ ಒಬ್ಬರಿಗೂ ಕೇಳಿಸುವುದಿಲ್ಲ. ಕೇಳಿಸಿದರೆ ತಾನೇ ರಿಪೇರಿ! ಪಾಪ, ನಾಗೇಂದ್ರ ನನ್ನ ಸಮಾಧಾನಕ್ಕೆ ಬೇರೆ ಹೆಡ್‌ಸೆಟ್ ತಂದು ಹಾಕಿದ. ಅದೂ ಅನೂರು. ಅದನ್ನು ಬಿಚ್ಚಿ ಇನ್ನೊಂದು. ಅದೂ ಅನೂರು. "ಡ್ರೈವರ್ ಓಗಿರ್ಬೇಕು ಸಾ" ಅಂದ. ಮಹದೇವಮ್ಮ ಕಾಫಿ ತಂದಿಡುತ್ತಾ "ಪಾಪ, ಎಂಗೆ ಓದ್ನಪ್ಪಾ?" ಎಂದು ಲೊಚಗುಟ್ಟಿದಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಶುಕ್ರವಾರ ಮುಗಿದೇ ಹೋಯಿತು.

ಶನಿವಾರ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಗಲ್ಲಿಗೆ ಹೋಗುವವನ ಹಾಗೆ ಕಂಪ್ಯೂಟರಿನ ಮುಂದೆ ಕುಳಿತೆ. ಪರದೆಯಲ್ಲಿ ಮೈಸೂರಿನ ಮೇಡಂ ಕಾಣಿಸಿಕೊಂಡರು, ಸಮಾಧಾನದ ಹೆಂಗಸು. ಓದಿ ಸರ್ ಅಂದರು. ಓದಿದೆ. ಒಂದೊಂದು ಹಕಾರಕ್ಕೂ ಪ್ರಾಣವನ್ನೇ ಹಾಕಿದೆ. ಕತ್ತಿನ ನರ ಉಬ್ಬಿತು, ಕನ್ನಡಕ ಮಂಜಾಯಿತು. ಹಳ್ಳ, ಹಸು, ಹೆಸರುಕಾಳು, ಹಿಂಗಾರು. ಬೇಕೆಂದೇ ಹಕಾರದ ಹೊಲದಲ್ಲಿ ಇಳಿಸಿದ ಹಾಗಿತ್ತು ಅವರು ಕೊಟ್ಟ ಪಾಠ. ಮುಗಿಸುವಷ್ಟರಲ್ಲಿ ನನಗೆ ಗೊತ್ತಾಗಿಹೋಗಿತ್ತು. ಮುಗೀತು ಕಥೆ. ಇನ್ನು ಕ್ಷೌರದಂಗಡಿಗೆ ಯಾವ ಮುಖ ಹೊತ್ತು ಹೋಗುವುದು? ಗಡ್ಡ ಬಿಡುವುದೇ ಸರಿ.

ಮೇಡಂ ಹಾಳೆಯಲ್ಲಿ ಏನೋ ಗುರುತು ಹಾಕಿಕೊಂಡರು. ಆಮೇಲೆ, "ಸರ್, ನೀವು ಅಲ್ಲಿಯವರೇನಾ?" ಅಂದರು.

"ಹೌದು" ಅಂದೆ.

"ನೋಡಿ, ನೋಡಿ! ಔದು! ಇದೇ ಸರ್ ನಮಗೆ ಬೇಕಾಗಿದ್ದು!" ಎಂದು ಮೇಡಂ ಕೈತಟ್ಟಿಬಿಟ್ಟರು. "ಎಷ್ಟೋ ಜನರನ್ನು ಕೇಳಿದೆವು. ಎಲ್ಲರೂ ಪುಸ್ತಕ ಓದಿದ ಹಾಗೆ ಓದುತ್ತಾರೆ, ರೈತರು ಫೋನು ಇಟ್ಟುಬಿಡುತ್ತಾರೆ. ನಿಮ್ಮದು ಎಷ್ಟು ಸಹಜ! ಮನೆಯ ಹಿರಿಯರು ಜಗಲಿ ಮೇಲೆ ಕೂತು ಹೇಳಿದ ಹಾಗೆ."

ನಾನು ಸುಳ್ಳು ಹೇಳುವವನಲ್ಲ. "ಮೇಡಂ, ಅದು ನನ್ನದಲ್ಲ, ಹೆಡ್‌ಸೆಟ್ಟಿನ ಹಾವಳಿ" ಅಂದೆ. 'ಎಡ್‌ಸೆಟ್ಟಿನ ಆವಳಿ' ಎಂದು ಹೋಗಿ ಮುಟ್ಟಿತು. ಮೇಡಂಗೆ ನಗು ತಡೆಯಲಾಗಲಿಲ್ಲ. ನಾನು ಹಾಗಲ್ಲ ಹೀಗೆ ಎಂದು ವಿವರಿಸಲು ಹೋದಷ್ಟೂ ಅಂಗಲ್ಲ ಇಂಗೆ ಎಂದು ಹೋಗಿ ನನ್ನ ಯೋಗ್ಯತೆ ಇನ್ನಷ್ಟು ಗಟ್ಟಿಯಾಯಿತು. ಆ ಹಾಳು ಯಂತ್ರ ನನ್ನ ಪ್ರಾಮಾಣಿಕತೆಯನ್ನೂ ನುಂಗಿಹಾಕಿತು. ನಿಜ ಹೇಳಲೇ? ಕೊನೆಕೊನೆಗೆ ನಾನೂ ಸುಮ್ಮನಾದೆ. ಆಯ್ಕೆಯಾದಿರಿ ಅಂದಾಗ ಕಣ್ಣು ತುಂಬಿ ಬಂತು, ಹಕಾರ ಹೋದರೆ ಹೋಗಲಿ ಅನ್ನಿಸಿತು. ಆಮೇಲೆ ಮೇಡಂ ಅಂದರು: "ಮುಂದಿನ ವಾರ ಮೈಸೂರಿಗೆ ಬನ್ನಿ ಸರ್. ನಮ್ಮ ಸ್ಟುಡಿಯೋದಲ್ಲೇ ರೆಕಾರ್ಡಿಂಗು. ಅಲ್ಲಿಯ ಮೈಕು ಬಹಳ ಒಳ್ಳೆಯದು, ಒಂದು ಉಸಿರನ್ನೂ ಬಿಡುವುದಿಲ್ಲ."

ಮಧ್ಯಾಹ್ನ ಧಾರವಾಡದ ಹುಡುಗಿ ತಾನಾಗಿಯೇ ಫೋನು ಮಾಡಿ, ಸಮಸ್ಯೆ ಬಗೆಹರೀತೇನ್ರಿ ಎಂದು ವಿಚಾರಿಸಿದಳು. ಹಕಾರದ ಸಂಗತಿ ಹೇಳಿದೆ. "ಅಯ್ಯ, ಅಷ್ಟೇನ್ರಿ ಸರ್? ಕಂಪ್ಯೂಟರ್‌ನ್ಯಾಗ ಗದ್ದಲ ತಗಿಯೋ ಸೆಟ್ಟಿಂಗ್ ಆನ್ ಐತ್ರಿ. ನಿಮ್ಮ ಉಸಿರನ್ನ ಫ್ಯಾನಿನ ಗಾಳಿ ಅಂತ ತಿಳದು ತಗದ ಬಿಡ್ತದ್ರಿ" ಎಂದು, ಒಂದು ಟಿಕ್ ಗುರುತು ತೆಗೆಸಿದಳು. ಓದಿ ನೋಡಿದೆ. ಹನೂರು, ಹೊಲ, ಹುಳು! ಒಂದೊಂದೂ ಮುತ್ತಿನ ಹಾಗೆ ಬಂತು. ಜೀವಮಾನದಲ್ಲಿ ಮೊದಲ ಸಲ ಹಕಾರ ಕೇಳಿ ನನಗೆ ಮೈ ಬೆವರಿತು. ಈ ಬಾಯಿ ಇಟ್ಟುಕೊಂಡು ಮೈಸೂರಿಗೆ ಹೋದರೆ ಅವತ್ತೇ ವಾಪಸು ಬಸ್ಸು ಹತ್ತಿಸುತ್ತಾರೆ.

ಹೀಗಾಗಿ ಈಗ ದಿನಾ ಅಡುಗೆಮನೆಯಲ್ಲಿ ನನಗೆ ಪಾಠ. ಮಹದೇವಮ್ಮ ಸೊಪ್ಪು ಬಿಡಿಸುತ್ತಾ ಕೂತಿರುತ್ತಾಳೆ, ನಾನು ಎದುರಿಗೆ ಮಣೆಯ ಮೇಲೆ. ಹೊಲ ಅನ್ನುತ್ತೇನೆ. "ಒಲ" ಅನ್ನುತ್ತಾಳೆ. ಹ್‌ಒಲ ಅನ್ನುತ್ತೇನೆ. "ಆ ಉಸ್ರು ಯಾಕೆ? ಬಾಯಿ ಸುಟ್ಕಂಡವ್ರಂಗೆ! ಒಲ." ಒ... ಹೊಲ ಅನ್ನುತ್ತೇನೆ, ಹಾಳಾದ ಹಕಾರ ತಾನಾಗಿಯೇ ನುಗ್ಗುತ್ತದೆ. ಇಷ್ಟು ವರ್ಷ ಮಕ್ಳಿಗೆ ಏನು ಕಲಿಸಿದ್ರಿ ನೀವು ಎಂದು ತಲೆ ಚಚ್ಚಿಕೊಳ್ಳುತ್ತಾಳೆ. ನಿನ್ನೆಯಂತೂ ರೇಗಿಹೋಗಿ ಸೊಪ್ಪಿನ ಕಟ್ಟನ್ನು ಮೊರಕ್ಕೆ ಬಡಿದು, ನನ್ನನ್ನು ದಿಟ್ಟಿಸಿ ನೋಡಿ, "ಇನ್ನೊಂದ್ಸಲ ಸರ್ಯಾಗಿ ಏಳಿ!" ಅಂದಳು.

ನಾನು, ಕನ್ನಡ ಮೇಷ್ಟ್ರು, ಮಣೆ ಬಿಟ್ಟು ನೆಟ್ಟಗೆ ಎದ್ದು ನಿಂತೆ.