ಹನ್ನೆರಡನೇ ಹೆಸರು

ಹನ್ನೊಂದು ಹೆಸರು ಹತ್ತು ನಿಮಿಷದಲ್ಲಿ ಮುಗಿದವು. ಹನ್ನೆರಡನೆಯದಕ್ಕೆ ಬಂದಾಗ ಪಾಲಾಕ್ಷ ಮೇಷ್ಟ್ರ ಪೆನ್ನು ಕೆಸರಿಗಿಳಿದ ಎತ್ತಿನಂತೆ ನಿಂತುಬಿಟ್ಟಿತು.

ಚಳ್ಳಕೆರೆ ಮೈದಾನದಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಪಂದ್ಯಗಳು ಆ ಬೆಳಗ್ಗೆಯಷ್ಟೇ ಮುಗಿದಿದ್ದವು. ರಾಜ್ಯಮಟ್ಟಕ್ಕೆ ಹೋಗುವ ಜಿಲ್ಲಾ ತಂಡದಲ್ಲಿ ಉಳಿದಿದ್ದು ಒಂದೇ ಜಾಗ, ಹುಡುಗಿಯರು ಇಬ್ಬರು. ಒಬ್ಬಳು ಕಪ್ ಗೆದ್ದ ಪಾಲಾಕ್ಷರ ಶಾಲೆಯ ಕ್ಯಾಪ್ಟನ್ ಶ್ರುತಿ. ಇನ್ನೊಬ್ಬಳು ಮೊಳಕಾಲ್ಮುರಿನ ಮಗ್ಗದ ಮನೆಯ ಪದ್ಮಶ್ರೀ. ಅವಳ ತಂಡ ಆಡಿದ ಮೂರೂ ಪಂದ್ಯ ಸೋತಿತ್ತು. ಆದರೆ ತಂಡ ಗಳಿಸಿದ ಅರವತ್ತು ಪಾಯಿಂಟಿನಲ್ಲಿ ನಲವತ್ತೊಂಬತ್ತು ಅವಳವೇ.

ಪಾಲಾಕ್ಷರೂ ಇದ್ದ ಮೂವರ ಆಯ್ಕೆ ಸಮಿತಿಯ ಹಿರಿಯರಾದ ನಾಗರಾಜಪ್ಪ, "ಊಟ ಮಾಡ್ಕೊಂಡು ಬನ್ನಿ, ಆಮೇಲೆ ತೀರ್ಮಾನ" ಎಂದರು.

ಪಾಲಾಕ್ಷ ಊಟಕ್ಕೆ ಹೋದರು. ಅವರ ಶಾಲೆಯ ಹೆಡ್ಮಾಸ್ಟರ್ ಮುದ್ದಪ್ಪ ಎಲೆ ಪಕ್ಕಕ್ಕೇ ಬಂದು ಕೂತರು.

"ಗೆದ್ದೋರ್ನ ಬಿಟ್ಟು ಸೋತೋರ್ನ ಕಳಿಸೋದಾದ್ರೆ ನಾವು ಗೆದ್ದಿದ್ಯಾಕ್ರೀ?"

"ಗೆಲುವು ಐದು ಜನದ್ದು ಸಾರ್," ಎಂದರು ಗಣಿತದ ಕಾಟಮ್ಮ ಟೀಚರ್. "ಭಾಗಿಸಿದ್ರೆ ಶ್ರುತಿಗೆ ಬರೋದು ಐದರಲ್ಲೊಂದು."

ಸಾರು ಬಡಿಸುತ್ತಿದ್ದ ಬೊಮ್ಮಕ್ಕ ಈ ಆಟವನ್ನು ಕಂಡವಳೇ ಅಲ್ಲ. ಆದರೂ, "ಯಾರು ಎತ್ತರ ಇದಾರೋ ಅವ್ರು ಹೋಗ್ಲಿ ಬಿಡ್ರಿ. ಬುಟ್ಟಿ ಮೇಲೈತಲ್ಲ" ಎಂದಳು.

ಕೈ ತೊಳೆದು ಪಾಲಾಕ್ಷ ಶ್ರುತಿಯನ್ನೇ ಕರೆದರು.

"ನಿಂಗೆ ಹೋಗೋ ಆಸೆ ಐತೇನಮ್ಮ?"

"ಐತೆ ಸಾರ್," ಎಂದಳು. "ಆದ್ರೆ ಅವ್ಳನ್ನ ತಡೆಯೋಕೆ ನಾವು ಮೂರು ಜನ ನಿಂತಿದ್ವಿ. ನನ್ನ ತಡೆಯೋಕೆ ಯಾರೂ ನಿಂತಿರ್ಲಿಲ್ಲ."

ಪಾಲಾಕ್ಷ ಅವಳ ತಲೆ ಸವರಿ ಒಳಗೆ ಹೋದರು.

ಸಮಿತಿಯ ಮೂರನೆಯವರು ಮೊಳಕಾಲ್ಮುರಿನ ಡ್ರಿಲ್ ಟೀಚರ್ ಲಕ್ಷ್ಮಕ್ಕ. ಪದ್ಮಶ್ರೀ ತಮ್ಮ ಶಾಲೆಯ ಹುಡುಗಿ, ತಾವೇ ಪರ ವಹಿಸಬಾರದೆಂದು ಅವರು ತುಟಿ ಬಿಚ್ಚಿರಲಿಲ್ಲ. ಪಾಲಾಕ್ಷರೇ ಎದ್ದು ನಿಂತರು.

"ಸೋತಿದ್ದು ತಂಡ ಸಾರ್. ಆ ಸೋಲನ್ನ ಅವ್ಳೊಬ್ಳ ತಲೆಗೆ ಕಟ್ಟೋದು ಬ್ಯಾಡ. ಕಪ್ ಯಾರತ್ರ ಐತೆ ಅಂತ ನೋಡ್ಬಾರ್ದು, ಕೆಲಸ ಯಾರು ಮಾಡಿದ್ರು ಅಂತ ನೋಡ್ಬೇಕು."

ಲಕ್ಷ್ಮಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾಗರಾಜಪ್ಪ ಕನ್ನಡಕ ತೆಗೆದು, "ಇಷ್ಟು ವರ್ಷ ನಂಗಿದು ಹೊಳೀಲೇ ಇಲ್ಲ ನೋಡ್ರಿ" ಎಂದರು. ಪದ್ಮಶ್ರೀಯ ಹೆಸರು ಪಟ್ಟಿಗೆ ಬಿತ್ತು. ಪಾಲಾಕ್ಷರ ಎದೆ ಹಗುರಾಯಿತು.

"ಇನ್ನು ತಂಡದ ಜೊತೆ ಹೋಗೋ ಕೋಚ್" ಎಂದರು ನಾಗರಾಜಪ್ಪ.

ಕಪ್ ಗೆದ್ದ ಶಾಲೆಯ ಮೇಷ್ಟ್ರೇ ಕೋಚ್ ಆಗುವುದು ವಾಡಿಕೆ. ಆ ಕಪ್ಪಿಗಾಗಿ ಪಾಲಾಕ್ಷ ಹನ್ನೊಂದು ವರ್ಷ ಸೀಟಿ ಊದಿದ್ದರು. ಬೆಳಗ್ಗೆಯೇ ಹೆಂಡತಿಗೆ ಫೋನ್ ಮಾಡಿ ಅಟ್ಟದಿಂದ ಸೂಟ್‌ಕೇಸ್ ಇಳಿಸಲು ಹೇಳಿದ್ದರು.

"ನೀವು ಹೇಳಿದ್ದೇ ಸರಿ. ಕಪ್ ನೋಡ್ಬಾರ್ದು," ನಾಗರಾಜಪ್ಪ ಗಂಭೀರವಾಗಿ ನುಡಿದರು. "ಅಂಥಾ ಹುಡುಗೀನ ತಯಾರು ಮಾಡ್ದೋರು ಲಕ್ಷ್ಮಕ್ಕ. ಅವ್ರೇ ಹೋಗ್ಲಿ. ನಿಮ್ಮ ಅಕ್ಷರ ಚೆನ್ನಾಗೈತೆ, ನೀವೇ ಬರೀರಿ."

ಪಾಲಾಕ್ಷರಿಗೆ ವಾದಿಸಲು ಸಿಕ್ಕ ಮಾತುಗಳೆಲ್ಲ ತಮಗೇ ತಿರುಗುಬಾಣವಾಗುವಂತಿದ್ದವು. ಪೆನ್ನು ಎತ್ತಿಕೊಂಡು ಲಕ್ಷ್ಮಕ್ಕನ ಹೆಸರನ್ನು ದುಂಡಗೆ ಬರೆದರು.

ಹೊರಗೆ ಬಾಗಿಲಲ್ಲೇ ಮುದ್ದಪ್ಪ ಕಾದಿದ್ದರು. ಸುದ್ದಿ ಆಗಲೇ ಮುಟ್ಟಿತ್ತು, ಅರ್ಧ.

"ಹೋಗ್ಲಿ ಬಿಡ್ರಿ ಪಾಲಾಕ್ಷ," ಎಂದು ಹೆಗಲ ಮೇಲೆ ಕೈಯಿಟ್ಟರು. "ಶ್ರುತಿ ಹೋಗ್ದಿದ್ರೇನು, ನಮ್ಮ ಶಾಲೆ ಕಡೆಯಿಂದ ನೀವಾದ್ರೂ ಹೋಗ್ತೀರಲ್ಲ."