ಇಬ್ಬರೂ ಬೇಡ, ನೀರು ಬೇಕು

ಚುನಾವಣೆ ಬಂದು, ನಮ್ಮ ಓಣಿಯಲ್ಲಿ ಒಂದಾದರೂ ನಗೆಪಾಟಲು ಆಗದೆ ಹೋದದ್ದು ನನಗೆ ನೆನಪಿಲ್ಲ. ಸಿಂದಗಿ ಬಸ್ ನಿಲ್ದಾಣದ ಹಿಂದೆ ನನ್ನ ಖಾನಾವಳಿ. ಯಾರ ಕಾಲೂ ಹಿಡಿಯದೆ ನಡೆಸಿದ್ದು. ಗಿರಾಕಿಗಳು ಬಿಟ್ಟುಹೋದ ಪತ್ರಿಕೆಗಳಲ್ಲೇ ಓದು ಕಲಿತವಳು ನಾನು, ಭಾಷಣಕ್ಕೆ ಮರುಳಾಗುವವಳಲ್ಲ.

ಎಪ್ಪತ್ತರ ದಶಕದ ಒಂದು ಚುನಾವಣೆಗೆ ನಿಂತವರು ಇಬ್ಬರು. ಒಬ್ಬರು ಹೋದ ಸಲ ಗೆದ್ದು ಮುಖ ತೋರಿಸದವರು. ಇನ್ನೊಬ್ಬರು ಅದರ ಹಿಂದಿನ ಸಲ ಗೆದ್ದು ಮುಖ ತೋರಿಸದವರು. ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ಬಸ್ಸಿನಿಂದ ಇಳಿದವರನ್ನು ಕೇಳಿದರೆ, "ನಮ್ಮ ಕಡೀನೂ ಹಿಂಗ ಐತ್ರಿ ಅಕ್ಕಾರ" ಎನ್ನುತ್ತಿದ್ದರು. ನಮಗೆ ಬೇಕಿದ್ದದ್ದು ಒಂದು ಬೋರಿಂಗ್, ಕೈಪಂಪಿನ ಕೊಳವೆಬಾವಿ. ಓಣಿಯ ಬಾವಿ ಸವಳು. ಸಿಹಿನೀರಿಗೆ ಹೆಂಗಸರು ಊರಾಚೆಯ ಬಾವಿಗೆ ಹೋಗಿ ಪಾಳಿ ಹಚ್ಚಬೇಕಿತ್ತು.

ಕಾಲಿಗೆ ನೀರು

ಹೋದ ಸಲ ಗೆದ್ದಿದ್ದ ಸಾಹೇಬರು ಮೊದಲು ಬಂದರು. ಬಂದವರಿಗೆ ಕಾಲಿಗೆ ನೀರು ಕೊಡುವುದು ನಮ್ಮ ಪದ್ಧತಿ. ಪಕ್ಕದ ಮನೆಯ ಆಯಿ ತಂಬಿಗೆ ತಂದು ಮುಂದಿಟ್ಟಳು. ಸಾಹೇಬರು ಬಗ್ಗಿಸಿದರು. ಹನಿಯೂ ಬೀಳಲಿಲ್ಲ.

"ಆಯಿ, ಇದರಾಗ ನೀರ ಇಲ್ಲಲ್ಲ?"

"ಹೋದ ಸಲ ನೀವು ಕೊಡ್ತೇನಿ ಅಂದಿದ್ದ ನೀರ ಅದು. ಆರಾಮ ತೊಳಕೋರಿ!"

ಒಂದೇ ಪಂಕ್ತಿ

ಆಮೇಲೆ ಇಬ್ಬರನ್ನೂ ಒಂದೇ ಹೊತ್ತಿಗೆ ನನ್ನ ಖಾನಾವಳಿಗೆ ಊಟಕ್ಕೆ ಕರೆದೆವು, ಒಬ್ಬರ ಸುದ್ದಿ ಇನ್ನೊಬ್ಬರಿಗೆ ಹೇಳದೆ. ಎದುರಾಬದುರಾ ಆದಾಗ ಮುಖ ಹುಳ್ಳಗಾದವು. ಆದರೆ ಓಣಿಯೇ ನೋಡುತ್ತಿರುವಾಗ ಎದ್ದು ಹೋಗುವ ಧೈರ್ಯ ಯಾರಿಗೂ ಆಗಲಿಲ್ಲ. ಜೋಳದ ರೊಟ್ಟಿ ಬಡಿಸಿ, ಮೇಲೆ ಕೆಂಪುಮೆಣಸಿನಕಾಯಿಯ ರಂಜಕ ಧಾರಾಳವಾಗಿ ಹಾಕಿದೆ. ಎರಡನೆಯ ತುತ್ತಿಗೆ ಇಬ್ಬರ ಕಣ್ಣಲ್ಲೂ ನೀರು.

"ನೀರ ಕೊಡವ್ವ!"

"ತರಾಕ ಹೋಗ್ಯಾರ್ರಿ. ಪಾಳಿ ಬರಬೇಕಲ್ರಿ."

"ಮಜ್ಜಿಗಿನಾರ ಕೊಡು!"

"ಅದಕ್ಕೂ ನೀರ ಬೇಕಲ್ರಿ ಸಾಹೇಬ್ರ."

ಜನ್ಮದಲ್ಲಿ ಜೊತೆಗೂಡದವರು ಅಂದು ಒಂದೇ ಜೀಪು ಹತ್ತಿ ಬಾವಿಗೆ ಓಡಿದರು. ಅಲ್ಲಿದ್ದ ಹೆಂಗಸರು ಕೊಡ ಸರಿಸದೆ ಅಂದರು, "ಹಿಂದ ನಿಂದರ್ರಿ!"

ಹಿಡಿಕೆ

ಬಾಯಿ ಉರಿದವರಿಗೆ ನೀರಿನ ನೆನಪು ಬೇಗ ಬರುತ್ತದೆ. ಬೋರಿಂಗ್ ಕೊರೆಯುವ ಗಾಡಿ ಬಂತು, ನೀರೂ ಬಿತ್ತು, ಪಂಪೂ ಕೂತಿತು. ಹಿಡಿಕೆ ಮಾತ್ರ ಇಲ್ಲ! ಕೇಳಿದರೆ, "ಓಟು ಆದ ಮ್ಯಾಲ ಹಚ್ತೇವಿ" ಎಂದು ಇಬ್ಬರದೂ ಒಂದೇ ಉತ್ತರ. ನಾನೂ ಹಟ ಹಿಡಿದೆ: "ಹಿಡಿಕಿ ಹಚ್ಚೂ ತನಕ ಈ ಓಣಿಯವರು ಓಟು ಹಾಕಂಗಿಲ್ಲ."

ಮತದಾನದ ದಿನ ಮಧ್ಯಾಹ್ನವಾದರೂ ನಮ್ಮ ಓಣಿಯಿಂದ ಒಬ್ಬರೂ ಹೊರಡಲಿಲ್ಲ. ಆಗ ಆ ಕಡೆಯಿಂದ ಒಂದು ಜೀಪು, ಈ ಕಡೆಯಿಂದ ಒಂದು ಜೀಪು. ಇಬ್ಬರ ಕೈಯಲ್ಲೂ ಒಂದೊಂದು ಹಿಡಿಕೆ! ಒಂದನ್ನು ಪಂಪಿಗೆ ಹಚ್ಚಿಸಿದೆ, ಇನ್ನೊಂದನ್ನು ಒಳಗಿಟ್ಟುಕೊಂಡೆ. ಕೊಡ ತುಂಬಿಟ್ಟೇ ಎಲ್ಲರೂ ಮತಗಟ್ಟೆಗೆ ಹೋದೆವು.

ಆಯಿ ಓಟು ಹಾಕಿ ಹೊರಬಂದಾಗ ಇಬ್ಬರೂ ದಾರಿಯಲ್ಲಿ ಕೈಮುಗಿದು ನಿಂತಿದ್ದರು.

"ಯಾರಿಗೆ ಒತ್ತಿದಿ ಆಯಿ?"

"ಚೀಟಿಯೊಳಗ ಇಬ್ಬರ ಗುರ್ತಿನ ಮ್ಯಾಲೂ ಶಿಕ್ಕಾ ಒತ್ತೇನಿ."

"ಅಯ್ಯ, ಹಂಗ ಮಾಡಿದ್ರ ಓಟು ಕೆಡತೈತಿ! ಯಾರಿಗೂ ಬರಂಗಿಲ್ಲ!"

"ಗೊತ್ತೈತ್ರಿ," ಅಂದಳು ಆಯಿ. "ಗೆದ್ದಾವ ಐದು ವರ್ಷ ಈ ಕಡಿ ಹಾಯಂಗಿಲ್ಲ. ಸೋತಾವ ಬಂದು ಕೈ ಮುಗೀತಾನ. ನಾಳಿ ಬೋರಿಂಗ್ ಕೆಟ್ರ ದುರಸ್ತಿ ಮಾಡಸಾಕ ನಮಗ ಇಬ್ಬರೂ ಸೋತಾವರ ಬೇಕು!"