ಕಬ್ಬಿಣ ಕಿಸೆಯಲ್ಲೇ ಇರಲಿ

ಫಿಟ್ಸ್ ಬರುವ ಮಕ್ಕಳ ಮನೆ, ಶಾಲೆ ಸುತ್ತುವ ನರ್ಸ್ ನಾನು. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಎಲ್ಲಿ ಹೋದರೂ ಒಂದಲ್ಲ ಒಂದು ಫಜೀತಿ ನನಗಿಂತ ಮೊದಲೇ ಬಂದು ಕೂತಿರುತ್ತದೆ. ಮಕ್ಕಳನ್ನು ಸುಧಾರಿಸಬಹುದು ಮಾರಾಯ್ರೆ, ದೊಡ್ಡವರನ್ನು ಸುಧಾರಿಸುವಾಗ ಸಾಕೋ ಸಾಕು.

ಆಟೋದ ಕೀ

ಕೊಕ್ಕಡದಲ್ಲಿ ಏಳನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಬಸ್‌ಸ್ಟ್ಯಾಂಡಿನಲ್ಲಿ ಫಿಟ್ಸ್ ಬಂತು. ಕೈಗೆ ಕಬ್ಬಿಣ ಕೊಟ್ಟರೆ ನಿಲ್ಲುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಉಂಟಲ್ಲ? ಆಟೋದವನು ತನ್ನ ಕೀಯನ್ನೇ ಅವಳ ಕೈಗೆ ತುರುಕಿದ. ಸ್ವಲ್ಪ ಹೊತ್ತಿಗೆ ಫಿಟ್ಸ್ ತಾನಾಗಿ ನಿಂತಿತು. "ಆಸ್ಪತ್ರೆಗೆ ಹೋಗುವ" ಎಂದು ಹುಡುಗಿಯನ್ನೂ ಅವಳ ಅಜ್ಜಿಯನ್ನೂ ಅದೇ ಆಟೋದಲ್ಲಿ ಕೂರಿಸಿದರು. ಆದರೆ ಆಟೋ ಹೊರಡುವುದು ಹೇಗೆ? ಮಂಪರಿನಲ್ಲಿದ್ದ ಹುಡುಗಿ ಮುಷ್ಟಿ ಬಿಡುವುದಿಲ್ಲ, ಬಿಡಿಸಲು ಅಜ್ಜಿ ಬಿಡುವುದಿಲ್ಲ. "ಕೀ ತೆಗೆದರೆ ಮತ್ತೆ ಬಂದೀತು!"

ಮರುದಿನ ನಾನು ಹೋಗಿ ಹೇಳಿದೆ: "ಅಜ್ಜೀ, ಮಗ್ಗುಲಿಗೆ ತಿರುಗಿಸಿ ಮಲಗಿಸಿ. ಬಾಯಿಗೆ, ಕೈಗೆ ಏನೂ ಕೊಡಬೇಡಿ. ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಿ."

ಅಜ್ಜಿ ಎಲ್ಲ ಕೇಳಿ ತಲೆಯಾಡಿಸಿದರು. "ಗಡಿಯಾರ ಕಬ್ಬಿಣದ್ದೇ ಆಗ್ಬೇಕಾ ಸಿಸ್ಟರೇ?"

ಸೌಟಿನ ಚಿಕಿತ್ಸೆ

ಆ ಹುಡುಗಿಗೆ ಶಾಲೆಯ ತ್ರೋಬಾಲ್ ಟೀಮಿನಲ್ಲಿ ಆಡುವ ಆಸೆ. ಮಾತ್ರೆ ತಪ್ಪಿಸದಿದ್ದರೆ ಧಾರಾಳ ಆಡಲಿ ಎಂದು ಡಾಕ್ಟರೇ ಹೇಳಿದ್ದರು. ಪಿ.ಟಿ. ಮಾಸ್ಟರು ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ನಿನಗೆ ಬಿಸಿಲು ಬೇಡ ಮಗಾ, ನೆರಳಲ್ಲಿ ಕೂತು ಸ್ಕೋರ್ ಬರಿ."

ಹುಡುಗಿ ನನ್ನ ಹತ್ತಿರ ಬಂದು ಅತ್ತಳು. ನನಗೆ ಸಿಟ್ಟು ನೆತ್ತಿಗೇರಿತು. ಇಡೀ ಶಾಲೆಗೇ ಪಾಠ ಮಾಡುವ ಎಂದು ಹೊರಟೆ. ನಾನು ನೆಲದಲ್ಲಿ ಬಿದ್ದು ಕೈಕಾಲು ಸೆಳೆದು ತೋರಿಸುವುದು, ಏನು ಮಾಡಬೇಕೆಂದು ಹುಡುಗಿ ಉಳಿದವರಿಗೆ ಹೇಳಿಕೊಡುವುದು.

ಚಹಾ ತಂದ ಶಾಲೆಯ ಅಡುಗೆಯಕ್ಕ, ನೆಲದಲ್ಲಿ ಒದ್ದಾಡುತ್ತಿದ್ದ ನನ್ನನ್ನು ಬಾಗಿಲಿನಿಂದಲೇ ನೋಡಿ "ಅಯ್ಯೋ ದೇವರೇ!" ಎಂದು ಕೂಗಿ, ಹಿಂದೆ ಓಡಿ, ಸಾಂಬಾರು ಸುರಿಯುತ್ತಿದ್ದ ಕಬ್ಬಿಣದ ಸೌಟು ಹಿಡಿದು ಬಂದರು. ಬಿಸಿ ಸೌಟು! ನಾನು ಚಂಗನೆ ಎದ್ದು ಓಡಿದೆ.

"ಕಂಡಿರಾ?" ಎಂದರು ಮಾಸ್ಟರು. "ಕಬ್ಬಿಣ ಮುಟ್ಟುವುದೂ ಬೇಡ, ಕಂಡರೇ ಸಾಕು!"

ಮೂಡಬಿದಿರೆಯ ಮ್ಯಾಚು

ಹುಡುಗಿ ಹಟ ಬಿಡಲಿಲ್ಲ. "ಟೀಮಿನವರಿಗೆಲ್ಲ ಕಲಿಸಿದ್ದೇನೆ ಸಾರ್. ಇನ್ನೆಂತ ಹೆದರಿಕೆ?" ಮಾಸ್ಟರು ಅರೆಮನಸ್ಸಿನಿಂದ ಅವಳನ್ನು ಮೂಡಬಿದಿರೆಗೆ ಕರೆದುಕೊಂಡು ಹೋದರು. ಹೋಗಿ ಕೊಟ್ಟದ್ದು ಮಾತ್ರ ಅದೇ ಸ್ಕೋರ್ ಪುಸ್ತಕ. ಆಟ ನೋಡಲು ನಾನೂ ಹೋಗಿದ್ದೆ.

ಆಟ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಗಡಿಬಿಡಿಯಲ್ಲಿ ತಿಂಡಿ ತಿನ್ನದೆ ಬಂದಿದ್ದ ಮಾಸ್ಟರು, ಬಿಸಿಲಿನಲ್ಲಿ ಕೂಗಿ ಕೂಗಿ, ಲೈನಿನ ಪಕ್ಕ ದೊಪ್ಪನೆ ಬಿದ್ದರು. ಜನ ಮುತ್ತಿದರು. ಬೈಕಿನ ಕೀ, ಕಪಾಟಿನ ಕೀ, ಎಲ್ಲ ಹೊರಗೆ ಬಂತು! ನಾನು ತಲುಪುವ ಮೊದಲೇ ಹುಡುಗಿ ಅಲ್ಲಿದ್ದಳು.

"ಕೀ ಎಲ್ಲ ಕಿಸೆಯಲ್ಲಿಡಿ! ದೂರ ನಿಲ್ಲಿ, ಗಾಳಿ ಬರ್ಲಿ!" ಅವಳ ಟೀಮು ಮಾಸ್ಟರನ್ನು ಮಗ್ಗುಲಿಗೆ ತಿರುಗಿಸಿತು, ಕಾಲರ್ ಸಡಿಲಿಸಿತು, ಒಬ್ಬಳು ಗಡಿಯಾರ ನೋಡಿದಳು.

ಮಾಸ್ಟರು ಕಣ್ಣು ಬಿಟ್ಟರು. "ನನಗೆ ಫಿಟ್ಸ್ ಅಲ್ಲ ಮಾರಾಯ್ತಿ, ತಲೆ ತಿರುಗಿದ್ದು. ಬಿಡು, ಆಟ ನಿಂತಿದೆ" ಎಂದು ಏಳಲು ಹೊರಟರು. ನಾನು ನಾಡಿ ನೋಡಿ, ನೀರು ಕುಡಿಸಿ, ಮರದ ಬುಡದಲ್ಲಿ ಕೂರಿಸಿದೆ.

ಹುಡುಗಿ ಸ್ಕೋರ್ ಪುಸ್ತಕವನ್ನು ಅವರ ಮಡಿಲಲ್ಲಿಟ್ಟಳು. "ನಿಮಗೆ ಬಿಸಿಲು ಬೇಡ ಸಾರ್, ನೆರಳಲ್ಲಿ ಕೂತು ಸ್ಕೋರ್ ಬರೆಯಿರಿ. ನಾನು ಆಡಿ ಬರ್ತೇನೆ."

ಮಾಸ್ಟರು ತೆಪ್ಪಗೆ ಪೆನ್ನು ಕೇಳಿದರು.